ಹನ್ನೆರಡನೇ ಐಟಂ

ನವೆಂಬರ್ 9, ಭಾನುವಾರ. ವಡೋದರಾ

ಇವತ್ತು ಅಹಮದಾಬಾದಿಗೆ ಹೋಗಿ ಬಂದೆವು. ಅಕ್ಕನ ಮಗಳು ವರ್ಷಿಣಿ ನವರಂಗಪುರದಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ಫ್ಲ್ಯಾಟ್ ಹಿಡಿದು ಓದುತ್ತಿದ್ದಾಳೆ. ಚಿಕ್ಕಪ್ಪನ, ಅಂದರೆ ನಮ್ಮ ಯಜಮಾನರ, ಎಡಗೈಗೆ ವ್ಯಾಯಾಮವಾಗಲಿ ಅಂತ ಒಂದು ಡ್ರೋನ್ ತರಿಸಿಟ್ಟಿದ್ದಳು. ಅಂಗೈ ಅಗಲದ ಆಟದ ಸಾಮಾನು. ನಾಲ್ಕು ರೆಕ್ಕೆ, ಹೊಟ್ಟೆಯಡಿ ಒಂದು ದೀಪ, ಜೊತೆಗೆ ಎರಡು ಕಡ್ಡಿಗಳಿರುವ ರಿಮೋಟು. ಇಪ್ಪತ್ತನಾಲ್ಕು ಬೋಗಿಯ ರೈಲು ಎಳೆಯುವ ಇಂಜಿನ್ ಓಡಿಸಿದ ಮನುಷ್ಯನಿಗೆ ಇದೊಂದು ಸೊಳ್ಳೆ.

ಆದರೆ ಇವರ ಮುಖ ನೋಡಬೇಕಿತ್ತು! ವರ್ಷಿಣಿ ಟೆರೇಸಿನ ಮೇಲೆ ಅದನ್ನು ಎಬ್ಬಿಸಿ ರಿಮೋಟ್ ಇವರ ಕೈಗಿಟ್ಟಳು. ಇವರು ನೀರಿನ ಟ್ಯಾಂಕ್ ಸುತ್ತ ಎರಡು ಸುತ್ತು ಹಾರಿಸಿ, ಬಟ್ಟೆ ಒಣಗುವ ತಂತಿಯ ಕೆಳಗೆ ನುಗ್ಗಿಸಿ, ಹೂವಿನ ಹಾಗೆ ಇಳಿಸಿದರು. ಆಗಸ್ಟಿನಲ್ಲಿ ಇಂಜಿನ್ ಏಣಿಯಿಂದ ಬಿದ್ದು ಮಣಿಕಟ್ಟು ಮುರಿದುಕೊಂಡ ಮೇಲೆ ಇವರು ಇಷ್ಟು ನಕ್ಕಿದ್ದು ನಾನು ನೋಡಿರಲಿಲ್ಲ.

ಇಳಿದದ್ದು ಮತ್ತೆ ಏಳಲಿಲ್ಲ. ಎರಡೂ ಕಡ್ಡಿಗಳನ್ನು ಒಟ್ಟಿಗೆ ಕೆಳಗಿನ ಒಳಮೂಲೆಗೆ ಎಳೆದು ಹಿಡಿದರೆ ರೆಕ್ಕೆ ತಿರುಗಿ ಮೇಲೇಳಬೇಕಂತೆ. ಇವರು ಇಪ್ಪತ್ತು ಸಲ ಎಳೆದರು. ದೀಪ ಮಿಣಮಿಣ ಅಂತು, ಅಷ್ಟೇ. ವರ್ಷಿಣಿ ಆಗಲೇ ಭಾನುವಾರದ ಕೋಚಿಂಗ್ ಕ್ಲಾಸಿಗೆ ಓಡಿದ್ದಳು. ಬ್ಯಾಟರಿ ಮುಗಿದಿರಬೇಕು ಅಂದುಕೊಂಡು ಮನೆಗೆ ತಂದು ಚಾರ್ಜ್ ಮಾಡಿದರೆ ಇಲ್ಲೂ ಅದೇ ಹಟ.

ಊಟಕ್ಕೆ ಕರೆದರೆ ಬರಲಿಲ್ಲ. ಕೊನೆಗೆ ತಟ್ಟೆ ಅಲ್ಲಿಗೇ ತೆಗೆದುಕೊಂಡು ಹೋಗಿ, ಚಪಾತಿ ಹರಿದು ಕೊಟ್ಟೆ. ನನಗೆ ಈ ಹಾಳು ಯಂತ್ರ ಬೇಕಿರಲಿಲ್ಲ. ಡಿಸೆಂಬರ್ ಒಂದಕ್ಕೆ ವೈದ್ಯಕೀಯ ಪರೀಕ್ಷೆ. ಪಾಸಾದರೆ ಮತ್ತೆ ಮೇಲ್ ಗಾಡಿ, ಇಲ್ಲದಿದ್ದರೆ ಆಫೀಸಿನ ಮೂಲೆಯ ಮೇಜು. ನನಗೆ ಬೇಕಿರುವುದು ಆ ಪಾಸು. ಇವರನ್ನು ಮೇಜಿನ ಹಿಂದೆ ನೆನೆಸಿಕೊಳ್ಳಲು ನನ್ನ ಕೈಲಾಗದು.

ನವೆಂಬರ್ 10, ಸೋಮವಾರ

ಬೆಳಗ್ಗೆ ಏಳುವಷ್ಟರಲ್ಲಿ ಇವರು ರೂಲು ಹಾಕಿದ ನೋಟ್‌ಬುಕ್ ಹಿಡಿದು ಕೂತಿದ್ದರು. ಇಂಜಿನ್ ನಡುದಾರಿಯಲ್ಲಿ ಕೈಕೊಟ್ಟರೆ ಏನೇನು ನೋಡಬೇಕು ಅಂತ ಡ್ರೈವರುಗಳ ಬ್ಯಾಗಿನಲ್ಲಿ ಒಂದು ಪುಸ್ತಕವಿರುತ್ತದೆ, ಟ್ರಬಲ್ ಶೂಟಿಂಗ್ ಡೈರೆಕ್ಟರಿ. ಇವರಿಗೆ ಅದು ಬಾಯಿಪಾಠ. ಈಗ ಡ್ರೋನಿಗೂ ಒಂದು ಡೈರೆಕ್ಟರಿ! ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದಿದ್ದಾರೆ: ಒಂದು ಸಲಕ್ಕೆ ಒಂದೇ ಬದಲಾವಣೆ. ಊಹೆ ಬೇಡ. ಬೈಗುಳ ಬೇಡ.

ಮೂರನೆಯದು ನನಗೇ ಇರಬೇಕು.

ನಾನು ಅಸಿಸ್ಟೆಂಟಂತೆ. ಇಂಜಿನ್ನಿನಲ್ಲಿ ಅಸಿಸ್ಟೆಂಟ್ ಸಿಗ್ನಲ್ ನೋಡಿ ಕೂಗಬೇಕು, ಡ್ರೈವರ್ ಅದನ್ನೇ ಮತ್ತೆ ಕೂಗಬೇಕು. ಇಲ್ಲಿ ಸಿಗ್ನಲ್ ಅಂದರೆ ಬ್ಯಾಟರಿಯ ಮೇಲಿನ ಚುಕ್ಕೆ ದೀಪಗಳು, ತುಂಬಿದ್ದರೆ ನಾಲ್ಕೂ ಹೊತ್ತುತ್ತವೆ.

“ಬ್ಯಾಟರಿ?”

“ನಾಲ್ಕು ದೀಪ.”

“ಬ್ಯಾಟರಿ ನಾಲ್ಕು ದೀಪ!”

“ನಾನು ಹೇಳಿದ್ದನ್ನೇ ಯಾಕ್ರೀ ಮತ್ತೆ ಕಿರುಚ್ತೀರ? ನನಗೇನು ಕಿವುಡಾ?”

“ನಾನು ಕೇಳಿಸ್ಕೊಂಡೆ ಅಂತ ನಿಂಗೆ ಗೊತ್ತಾಗ್ಬೇಕಲ್ಲ, ಮಂದಾ.”

ಮದುವೆಯಾಗಿ ಇಪ್ಪತ್ತಾರು ವರ್ಷವಾಯಿತು. ಮನೆಯಲ್ಲಿ ನಾನು ಹೇಳಿದ್ದನ್ನು ಕೇಳಿಸಿಕೊಂಡೆ ಅಂತ ಇವರು ಸಾಬೀತು ಮಾಡಿದ್ದು ಇವತ್ತೇ ಮೊದಲು.

ಐಟಂ ಒಂದು, ಬ್ಯಾಟರಿ. ಎರಡು, ರಿಮೋಟಿನ ಸೆಲ್. ಮೂರು, ರೆಕ್ಕೆಗೆ ಕೂದಲು ಸುತ್ತಿದೆಯೇ. ಸುತ್ತಿತ್ತು, ನನ್ನದೇ ಉದ್ದ ಕೂದಲು. ಸೂಜಿಯಿಂದ ಬಿಡಿಸಿದೆ. ಕಡ್ಡಿ ಎಳೆದರು. ಏಳಲಿಲ್ಲ.

ನವೆಂಬರ್ 13, ಗುರುವಾರ

ಎಂಟನೇ ಐಟಂವರೆಗೆ ಬಂದಿದೆ. ಇಟ್ಟ ಜಾಗ ಸಮತಟ್ಟಾಗಿಲ್ಲದಿದ್ದರೆ ಏಳುವುದಿಲ್ಲವಂತೆ, ಅದಕ್ಕೆ ಪೂರಿ ಲಟ್ಟಿಸುವ ಮಣೆ ಹೋಯಿತು. ಮಣೆಯ ಮೇಲೆ ಗೋಲಿ ಉರುಳಿಸಿ ಮಟ್ಟ ನೋಡಿದರು. ಗೋಲಿ ನಿಂತಿತು, ಡ್ರೋನೂ ನಿಂತೇ ಇತ್ತು.

ಬೇರೆ ಯಾರಾದರೂ ಆಗಿದ್ದರೆ ಇಷ್ಟು ಹೊತ್ತಿಗೆ ಗೋಡೆಗೆ ಬಡಿದಿರುತ್ತಿದ್ದರು. ನಾನಾಗಿದ್ದರೆ ಎರಡನೇ ದಿನವೇ ಬಡಿಯುತ್ತಿದ್ದೆ. ಇವರು ಪ್ರತಿ ಸಲ ಸೋತಾಗಲೂ “ಸರಿ, ಇದಲ್ಲ ಅಂತ ಗೊತ್ತಾಯ್ತು” ಅಂದು ಟಿಕ್ ಹಾಕುತ್ತಾರೆ. ಸೋತದ್ದಕ್ಕೂ ಟಿಕ್ ಹಾಕುವ ಮನುಷ್ಯನನ್ನು ಎಲ್ಲಾದರೂ ನೋಡಿದ್ದೀರಾ ಅಂತ ಕೇಳೋಣವೆಂದರೆ ಇದನ್ನು ಓದುವವರು ಯಾರೂ ಇಲ್ಲ.

ನಾನೊಂದು ಸಲ ಎಳೀಲಾ ಅಂದೆ. ಬೇಡ ಅಂದರು. ಡ್ರೈವರ್ ಕೂರುವ ಸೀಟಿಗೆ ಅಸಿಸ್ಟೆಂಟ್ ಕೈ ಹಾಕುವಂತಿಲ್ಲವಂತೆ. ಸರಿಯಪ್ಪಾ, ನಿಮ್ಮ ಸೀಟು ನಿಮಗೇ ಇರಲಿ.

ನವೆಂಬರ್ 15, ಶನಿವಾರ

ಮತ್ತೆ ಅಹಮದಾಬಾದ್. ಐಟಂ ಒಂಬತ್ತು, ನವರಂಗಪುರದ ಡ್ರೋನ್ ರಿಪೇರಿ ಅಂಗಡಿ. ಅಂಗಡಿಯವನು ಅದನ್ನು ಗಾಜಿನ ಮೇಜಿನ ಮೇಲಿಟ್ಟು ಕಡ್ಡಿ ಎಳೆದ. ಜುಯ್ಯ್ ಅಂತ ಎದ್ದಿತು! ಇಳಿಸಿ ಮತ್ತೆ ಎಳೆದ, ಮತ್ತೆ ಎದ್ದಿತು. ಮೂರನೇ ಸಲವೂ. ಅಂಗಡಿ ತುಂಬ ಗಿರಾಕಿಗಳು. “ಕಾಕಾ, ಏನೂ ಆಗಿಲ್ಲ, ಮಸ್ತ್ ಇದೆ” ಅಂತ ಡಬ್ಬಿಗೆ ತುಂಬಿ ಕೈಗಿಟ್ಟುಬಿಟ್ಟ.

ಇವರು ಬಸ್ಸಿನಲ್ಲೂ ರೈಲಿನಲ್ಲೂ ಆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ಬಂದರು. ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಮಣೆಯ ಮೇಲಿಟ್ಟು ಎಳೆದರು.

ಏಳಲಿಲ್ಲ.

ನವೆಂಬರ್ 16, ಭಾನುವಾರ

ಇವರ ಹೊಸ ಸಿದ್ಧಾಂತ: ಮನೆಯದೇ ದೋಷ. ನೆಲದೊಳಗಿನ ಕಬ್ಬಿಣದ ಸರಳು ಡ್ರೋನಿನೊಳಗಿನ ದಿಕ್ಸೂಚಿಯನ್ನು ಕೆಡಿಸುತ್ತಿದೆ. ಐಟಂ ಹತ್ತು. ಸರಳಿಲ್ಲದ ನೆಲ ಬೇಕೆಂದು ಕಾಲೋನಿಯ ಹಿಂದಿನ ಬಯಲಿಗೆ ಹೋದೆವು. ನಾನು ಬರಿಗಾಲಲ್ಲಿ ಹುಲ್ಲು ತುಳಿದು ಮಟ್ಟ ಮಾಡಿದೆ. ಏಳಲಿಲ್ಲ.

“ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ” ಅಂದೆ. ಡ್ರೋನಿಗೇ ಅಂದಿದ್ದು. ಇವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಬೆಳಗ್ಗೆ ಬಲತೋಳಿನ ಗುಂಡಿಯನ್ನು ಎಡಗೈಯಿಂದ ಇವರೇ ಹಾಕಿಕೊಂಡರು. ಕಾಲು ಗಂಟೆ ಹಿಡಿಯಿತು. ನಾನು ಪೇಪರಿನ ಜಾಹೀರಾತುಗಳನ್ನೂ ಓದಿ ಮುಗಿಸಿದೆ.

ನವೆಂಬರ್ 18, ಮಂಗಳವಾರ

ಅಂಗಡಿಯವನು ಫೋನಿನಲ್ಲಿ ಹೇಳಿದ: ಒಂದೊಂದು ಸಲ ಬೋರ್ಡಿನ ಬೆಸುಗೆಯಲ್ಲಿ ಕೂದಲಿನಷ್ಟು ಬಿರುಕು ಇರುತ್ತದೆ, ಕುಲುಕಿದರೆ ಕೂಡುತ್ತದೆ, ಇಟ್ಟರೆ ಬಿಡುತ್ತದೆ. ಸೂರತ್ತಿನ ವರಾಛಾದಲ್ಲಿ ಕಂಚನ್‌ಬೆನ್ ಅಂತ ಇದ್ದಾರೆ (ಬೆನ್ ಅಂದರೆ ಇಲ್ಲಿ ಅಕ್ಕ), ಅವರ ಕಣ್ಣಿಗೆ ಬೀಳದ ಬಿರುಕಿಲ್ಲ.

ಐಟಂ ಹನ್ನೊಂದು: ಕಂಚನ್‌ಬೆನ್. ಶನಿವಾರ ಹೊರಟಿದ್ದೇವೆ. ದಾರಿಗೆ ಪುಳಿಯೋಗರೆ ಸಾಕಂತೆ. ಪರೀಕ್ಷೆಗೆ ಇನ್ನು ಹದಿಮೂರು ದಿನ.

ನವೆಂಬರ್ 22, ಶನಿವಾರ. ಸೂರತ್ತಿನಿಂದ ಬರುವಾಗ, ರೈಲಿನಲ್ಲೇ ಬರೆಯುತ್ತಿದ್ದೇನೆ

ಇವರು ಎದುರಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದಾರೆ. ಪೂರ್ತಿ ಬರೆದುಬಿಡುತ್ತೇನೆ, ಇಲ್ಲದಿದ್ದರೆ ತಲೆ ಸಿಡಿಯುತ್ತದೆ.

ಬೆಳಗ್ಗೆ ಹೋಗುವಾಗ ಎಷ್ಟು ಖುಷಿಯಲ್ಲಿದ್ದರು! ಭರೂಚಿನಲ್ಲಿ ಗಾಡಿ ನಿಂತಿತು. ನಿಂತದ್ದು ನನಗೆ ತಿಳಿಯಲೇ ಇಲ್ಲ. “ನೋಡಿದ್ಯಾ? ಲೋಟದ ಟೀ ಅಲುಗಾಡ್ಲಿಲ್ಲ. ಯಾರೋ ಒಳ್ಳೆ ಕೈ” ಅಂದರು. ಅವರು ಎಂದೂ ನೋಡದ ಒಬ್ಬ ಡ್ರೈವರನಿಗೆ ಅಷ್ಟು ಮೆಚ್ಚುಗೆ. ಹಿಂದೆ ಸಾವಿರದೈನೂರು ಜನ ಮಲಗಿರುತ್ತಾರೆ, ಅವರ ನಿದ್ದೆ ಕೆಡದಂತೆ ನಿಲ್ಲಿಸುವುದೇ ಕೆಲಸ, ಓಡಿಸುವುದು ಯಾರಿಗೂ ಬರುತ್ತದೆ ಅಂದರು. ಬ್ರೇಕಿನ ಹಿಡಿ ಎಡಗೈಗೆ ಬರುತ್ತದಂತೆ. ಗಾಳಿಯಲ್ಲಿ ಎಳೆದು ತೋರಿಸಿದರು.

ವರಾಛಾದ ಬೀದಿಯ ತುಂಬ ವಜ್ರ ಉಜ್ಜುವ ಕಾರ್ಖಾನೆಗಳು. ಕಂಚನ್‌ಬೆನ್ ಇಪ್ಪತ್ತು ವರ್ಷ ವಜ್ರ ಉಜ್ಜಿದವರು. ಈಗ ಅದೇ ಭೂತಗನ್ನಡಿ, ಅದೇ ಸ್ಟೂಲು, ವಜ್ರದ ಬದಲು ಮೊಬೈಲು ಮತ್ತು ಡ್ರೋನಿನ ಬೋರ್ಡು. ನನ್ನ ವಯಸ್ಸೇ. ಬಳೆಗಳನ್ನು ಮೇಲೆ ಸರಿಸಿ ರಬ್ಬರ್ ಬ್ಯಾಂಡ್ ಹಾಕಿಕೊಂಡಿದ್ದರು. ನಮಸ್ತೆ ಅಂದದ್ದು ಬಿಟ್ಟರೆ ಇಪ್ಪತ್ತು ನಿಮಿಷ ಮಾತಿಲ್ಲ. ಇರುವೆ ಗಾತ್ರದ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಬಿಳಿ ಕಾಗದದ ಮೇಲೆ ಜೋಡಿಸಿದರು. ಒಂದೊಂದು ಬೆಸುಗೆಯನ್ನೂ ಒರೆಸಿ, ಬೆಳಕಿಗೆ ತಿರುಗಿಸಿ, ಇನ್ನೊಂದು ಕಡೆಯಿಂದ ತಿರುಗಿಸಿ ನೋಡಿದರು. ಅವಸರವೆಂಬುದು ಆ ಹೆಂಗಸಿನ ಬೆರಳಿಗೆ ಗೊತ್ತೇ ಇಲ್ಲ. ನನಗೆ ಎದ್ದು ಕಾಲು ಮುಟ್ಟೋಣ ಅನ್ನಿಸಿತು. ಇವರಂತೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

“ಬೋರ್ಡ್ ಮಾ ಕಾಂಯ್ ನಥಿ” ಅಂದರು. ಬೋರ್ಡಿನಲ್ಲಿ ಏನೂ ಇಲ್ಲ. ಜೋಡಿಸಿ, ತಾವೇ ಎಳೆದರು. ಎದ್ದಿತು. ಇಳಿಸಿ ರಿಮೋಟನ್ನು ಇವರ ಕಡೆ ಚಾಚಿದರು. ಇವರು ಎಳೆದರು, ಏಳಲಿಲ್ಲ. ಇನ್ನೊಮ್ಮೆ ಅಂದರು, ಇನ್ನೊಮ್ಮೆಯೂ ಏಳಲಿಲ್ಲ. ನಾನು ಡ್ರೋನ್ ನೋಡುತ್ತಿದ್ದೆ, ಇವರೂ ಡ್ರೋನ್ ನೋಡುತ್ತಿದ್ದರು. ಆಯಮ್ಮ ಮಾತ್ರ ಅದರ ಕಡೆ ತಿರುಗಿಯೂ ನೋಡಲಿಲ್ಲ. ಕಣ್ಣಿನ ಭೂತಗನ್ನಡಿ ತೆಗೆದಿಟ್ಟು ಇವರ ಕೈ ನೋಡುತ್ತಿದ್ದರು.

ಇವರು ಕೈ ತೊಳೆಯಲು ಹೊರಗೆ ಹೋದಾಗ ನನ್ನ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು, ಹಿಂದಿಯಲ್ಲಿ, ಮೆಲ್ಲಗೆ ಹೇಳಿದರು.

“ಬೆನ್, ಕಲ್ಲಿನಲ್ಲಿ ತಪ್ಪಿಲ್ಲ, ಉಜ್ಜೋ ಚಕ್ರದಲ್ಲಿ ತಪ್ಪಿಲ್ಲ, ಆದರೂ ಹೊಳಪು ಬರ್ತಿಲ್ಲ ಅಂದ್ರೆ ನಾವು ಕಲ್ಲು ಹಿಡಿದ ಕೈ ನೋಡ್ತೀವಿ. ಭಾಯಿಯ ಎಡಗೈ ಹೆಬ್ಬೆರಳು ಮೂಲೆವರೆಗೂ ಹೋಗ್ತಿಲ್ಲ. ಒಂದು ಅಕ್ಕಿಕಾಳಿನಷ್ಟು ಹಿಂದೆ ನಿಲ್ಲುತ್ತೆ.”

“ಅವರು ಪೂರ್ತಿ ಎಳೀತೀನಿ ಅಂತಾರಲ್ಲ?”

“ಸುಳ್ಳು ಹೇಳ್ತಿಲ್ಲ. ಅವರಿಗೆ ಮುಟ್ಟಿತು ಅಂತಲೇ ಅನ್ನಿಸುತ್ತೆ. ಮುಟ್ಟಿರೋದಿಲ್ಲ.”

ಹಾರಿಸುವಾಗ ಕಡ್ಡಿ ನಡುವಿನಲ್ಲೇ ಆಡುತ್ತದೆ, ಅದಕ್ಕೇ ಹಾರಿಸಲು ಏನೂ ತೊಂದರೆಯಿಲ್ಲ. ಎಬ್ಬಿಸುವಾಗ ಮಾತ್ರ ತುದಿ ಮುಟ್ಟಬೇಕು. ಹದಿನೈದು ದಿನ ಬ್ಯಾಟರಿ, ಮಣೆ, ನೆಲ, ಸರಳು, ಎಲ್ಲ ಬದಲಾಯಿಸಿದೆವು. ಡ್ರೈವರನನ್ನು ಒಮ್ಮೆಯೂ ಬದಲಾಯಿಸಲಿಲ್ಲ. ಆ ಸೀಟಿಗೆ ಯಾರೂ ಕೈ ಹಾಕುವಂತಿರಲಿಲ್ಲವಲ್ಲ.

ಬೆಳಗ್ಗೆ ಗಾಳಿಯಲ್ಲಿ ಬ್ರೇಕ್ ಎಳೆದು ತೋರಿಸಿದ ಆ ಕೈ ಈಗ ತೊಡೆಯ ಮೇಲಿದೆ. ನೋಡಲಾಗುತ್ತಿಲ್ಲ.

ನವೆಂಬರ್ 23, ಭಾನುವಾರ

ಹೇಳಲಿಲ್ಲ.

ನವೆಂಬರ್ 25, ಮಂಗಳವಾರ

ಬಾಯಲ್ಲಿ ಬಿಸಿತುಪ್ಪ. ಉಗುಳಲಾರೆ, ನುಂಗಲಾರೆ.

ಫಿಸಿಯೋದವಳು ಇವತ್ತು ಹಿಡಿತ ಅಳೆದು, “ಅಂಕಲ್, ಫಸ್ಟ್ ಕ್ಲಾಸ್” ಅಂದಳು. ಮುಷ್ಟಿ ಬಿಗಿಯುತ್ತದೆ, ಬೆರಳು ಮಡಚುತ್ತವೆ. ಸೋಮವಾರದ ಪರೀಕ್ಷೆಯಲ್ಲೂ ಇವನ್ನೇ ನೋಡುವುದಂತೆ. ಅಂದರೆ ನಾನು ಸುಮ್ಮನಿದ್ದರೆ ಪಾಸು. ಅಕ್ಕಿಕಾಳಿನಷ್ಟು ತಾನೇ, ಓಡಿಸುತ್ತ ಓಡಿಸುತ್ತ ಸರಿಹೋಗುತ್ತದೆ ಅಂತ ಒಂದು ಮನಸ್ಸು. ಬ್ರೇಕ್ ಪೂರ್ತಿ ಬಂತು ಅಂತ ಅನ್ನಿಸಿ, ಬಂದಿರದಿದ್ದರೆ ಅಂತ ಇನ್ನೊಂದು ಮನಸ್ಸು. ಭರೂಚಿನಲ್ಲಿ ಆ ಸಾವಿರದೈನೂರು ಜನರ ನಡುವೆ ಲೋಟ ಹಿಡಿದು ಕೂತಿದ್ದವಳು ನಾನೇ ಅಲ್ಲವೇ?

ಆದರೆ ಹೇಗೆ ಹೇಳಲಿ? ಇವರು ಸಮವಸ್ತ್ರದ ಎರಡೂ ಜೊತೆಗೆ ಇಸ್ತ್ರಿ ಹಾಕಿಟ್ಟುಕೊಂಡಿದ್ದಾರೆ. ತಾವೇ ಹಾಕಿದ್ದು. ಸುಕ್ಕಿತ್ತು. ನಾನು ಮತ್ತೆ ಇಸ್ತ್ರಿ ಪೆಟ್ಟಿಗೆ ಮುಟ್ಟಲಿಲ್ಲ.

ನವೆಂಬರ್ 27, ಗುರುವಾರ

ಇವತ್ತಿನದನ್ನು ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ.

ತಿಂಡಿ ಆದ ಮೇಲೆ ಇವರು ನೋಟ್‌ಬುಕ್ ತೆಗೆದು ಹನ್ನೊಂದೂ ಟಿಕ್ಕುಗಳನ್ನು ಮೇಲಿಂದ ಕೆಳಗೆ ಓದಿದರು. ಬೆರಳಿಟ್ಟು ಮತ್ತೆ ಓದಿದರು. ಇದುವರೆಗೆ ಎದ್ದದ್ದು ಯಾರ ಯಾರ ಕೈಯಲ್ಲಿ ಅಂತ ಪಕ್ಕದಲ್ಲಿ ಬರೆದರು. ವರ್ಷಿಣಿ. ಅಂಗಡಿಯವನು. ಕಂಚನ್‌ಬೆನ್. ಪೆನ್ನಿನ ಮುಚ್ಚಳ ಹಾಕಿದರು.

ಆಮೇಲೆ ಕುರ್ಚಿಯಿಂದ ಎದ್ದರು.

“ಮಂದಾ, ಬಾ. ಇಲ್ಲಿ ಕೂತ್ಕೋ.”

“ಎಲ್ಲಿ?”

“ನನ್ನ ಸೀಟಲ್ಲಿ.”

ಮೂವತ್ತು ವರ್ಷ ಯಾರಿಗೂ ಬಿಡದ ಸೀಟು. ಕೂತೆ. ರಿಮೋಟ್ ಕೈಗೆ ಕೊಟ್ಟು, ತಾವು ಅಸಿಸ್ಟೆಂಟಿನ ಜಾಗದಲ್ಲಿ, ನನ್ನ ಎಡಕ್ಕೆ ನಿಂತರು.

ನನಗೆ ಒಂದೇ ಯೋಚನೆ: ಇದು ಏಳಬಾರದು. ಏಳದಿದ್ದರೆ ತಪ್ಪು ಯಂತ್ರದ್ದೇ. ಇವರು ಸೋಮವಾರ ಎದೆಯೆತ್ತಿ ಹೋಗುತ್ತಾರೆ. ಬಲಗಡೆಯದನ್ನು ಪೂರ್ತಿ ಎಳೆದು, ಎಡಗಡೆಯದನ್ನು ಬೇಕೆಂತಲೇ ಒಂದು ಕೂದಲು ಹಿಂದೆ ನಿಲ್ಲಿಸಿದೆ. ಏಳಲಿಲ್ಲ. ಉಸಿರು ಬಿಟ್ಟೆ.

“ನೋಡಿದ್ರಾ? ಯಂತ್ರಾನೇ ಕೆಟ್ಟಿದೆ. ಹಾಳಾಗಿ ಹೋಗ್ಲಿ ಬಿಡಿ.”

ಇವರು ಡ್ರೋನ್ ನೋಡುತ್ತಿರಲಿಲ್ಲ. ನನ್ನ ಹೆಬ್ಬೆರಳು ನೋಡುತ್ತಿದ್ದರು.

“ಪೂರ್ತಿ ಎಳಿ” ಅಂದರು.

“ಎಳೆದಿದ್ದೀನಲ್ರೀ...”

“ಮಂದಾ. ಪೂರ್ತಿ ಎಳಿ.”

ಗದರಲಿಲ್ಲ. ಗದರಿದ್ದರೆ ನಾನೂ ಜಗಳ ಆಡಿ ಎದ್ದು ಹೋಗುತ್ತಿದ್ದೆ. ಎಷ್ಟು ಮೆತ್ತಗೆ ಹೇಳಿದರೆಂದರೆ ಎಳೆಯದೆ ವಿಧಿಯಿರಲಿಲ್ಲ. ಜುಯ್ಯ್ ಅಂತ ಎದ್ದಿತು. ನಾನು ಕಿರುಚಿದೆ. ಹೇಗೆ ಇಳಿಸುವುದೆಂದು ನನಗೆಲ್ಲಿ ಗೊತ್ತು! ಇವರು ನನ್ನ ಕೈಗಳ ಮೇಲೆ ತಮ್ಮ ಕೈಗಳನ್ನಿಟ್ಟು ಮೆಲ್ಲಗೆ ಇಳಿಸಿದರು.

“ಯಾವಾಗ ಗೊತ್ತಾಯ್ತು ನಿಂಗೆ?”

“ಸೂರತ್ತಲ್ಲಿ.”

“ಐದು ದಿನ ಹೊಟ್ಟೇಲಿಟ್ಕೊಂಡಿದ್ಯಾ? ಪಾಪ.”

ಪಾಪ ಅಂದದ್ದು ನನಗೆ! ತಮ್ಮ ಬಗ್ಗೆ ಒಂದು ಮಾತಿಲ್ಲ. ನೋಟ್‌ಬುಕ್ ತೆಗೆದು, ಕಷ್ಟಪಟ್ಟು ಎಡಗೈಯಿಂದ ಪುಟ ಒತ್ತಿ ಹಿಡಿದು, ಬರೆದರು. ಐಟಂ ಹನ್ನೆರಡು: ಚಾಲಕ. ಎದುರಿಗೆ ಟಿಕ್ ಹಾಕಿದರು.

ನಾನು ಅಡುಗೆಮನೆಗೆ ಹೋಗಿ ಅತ್ತೆ. ಸಂಜೆ ನೋಡಿದರೆ ಇವರೂ ಕಣ್ಣು ಕೆಂಪಗೆ ಮಾಡಿಕೊಂಡಿದ್ದರು.

ನವೆಂಬರ್ 29, ಶನಿವಾರ

ಪರೀಕ್ಷೆಯ ಮಾತು ಇಬ್ಬರೂ ಎತ್ತಲಿಲ್ಲ. ನಾನೇ ದಿನಾ ಡ್ರೋನ್ ಎಬ್ಬಿಸುತ್ತೇನೆ, ಇವರು ಹಾರಿಸುತ್ತಾರೆ. ಇವತ್ತು ಬೇವಿನ ಮರದ ಎರಡು ಕೊಂಬೆಗಳ ನಡುವೆ ತೂರಿಸಿದರು. ಕಾಗೆ ಬೈಯಿತು.

ಪಾಸಾಗಲಿ ಅಂತ ಬೇಡಿಕೊಳ್ಳಲು ದೇವರ ಮುಂದೆ ನಿಂತೆ. ಏನು ಬೇಡಬೇಕೋ ತಿಳಿಯದೆ ಸುಮ್ಮನೆ ದೀಪ ಹಚ್ಚಿ ಬಂದೆ.

ಡಿಸೆಂಬರ್ 1, ಸೋಮವಾರ

ಸಮವಸ್ತ್ರ ಹಾಕಿಕೊಂಡೇ ಹೋದರು. ನನ್ನನ್ನು ಕೋಣೆಯ ಹೊರಗಿನ ಬೆಂಚಿನಲ್ಲಿ ಕೂರಿಸಿದರು. ಬಾಗಿಲಿಗೆ ಬರೀ ಪರದೆ. ಒಳಗಿನ ಮಾತೆಲ್ಲ ಕೇಳಿಸುತ್ತಿತ್ತು.

ಡಾಕ್ಟರು ಕಣ್ಣು ನೋಡಿದರು, ಬಣ್ಣ ಓದಿಸಿದರು, ಕಿವಿ ನೋಡಿದರು. ಮುಷ್ಟಿ ಬಿಗಿಸಿದರು. ಬಿಚ್ಚಿ ಅಂದರು, ತಳ್ಳಿ ಅಂದರು, ಎತ್ತಿ ಅಂದರು. “ವೆರಿ ಗುಡ್, ಕೃಷ್ಣರಾಜ್. ನಾಲ್ಕು ತಿಂಗಳಲ್ಲಿ ಇಷ್ಟು ಗುಣ ಆಗೋದು ಅಪರೂಪ” ಅಂದರು. ಕಾಗದ ತಿರುಗಿಸುವ ಸದ್ದು ಕೇಳಿಸಿತು. ನಾಚಿಕೆ ಬಿಟ್ಟು ಬರೆಯುತ್ತೇನೆ: ಆ ಗಳಿಗೆಯಲ್ಲಿ ನನಗೆ ಬೇಕಾಗಿದ್ದು ಇವರು ಬಾಯಿ ಮುಚ್ಚಿಕೊಂಡು ಎದ್ದು ಬರುವುದೊಂದೇ. ಸಹಿ ಆಗಲಿ, ಎದ್ದು ಬನ್ನಿ, ಮನೆಗೆ ಹೋಗೋಣ ಅಂತಲೇ ಮನಸ್ಸಿನಲ್ಲಿ ಜಪ ಮಾಡುತ್ತಿದ್ದೆ.

“ಸರ್, ಸಹಿ ಹಾಕೋಕೆ ಮುಂಚೆ ಒಂದು ಪರೀಕ್ಷೆ ಬಾಕಿ ಇದೆ” ಅಂದರು ಇವರು, ಹಿಂದಿಯಲ್ಲಿ.

“ಯಾವುದು?”

“ನಾನು ಕಣ್ಣು ಮುಚ್ಕೋತೀನಿ. ಎರಡೂ ಹೆಬ್ಬೆರಳಲ್ಲಿ ಒಟ್ಟಿಗೆ ಈ ಮೇಜಿನ ಅಂಚು ಮುಟ್ಟೋವರೆಗೂ ಎಳೀತೀನಿ. ಮುಟ್ಟಿತು ಅಂತ ನಾನು ಹೇಳಿದಾಗ ಎಡಗೈ ಎಲ್ಲಿದೆ ಅಂತ ನೀವು ನೋಡಿ.”

ಒಳಗೆ ಕುರ್ಚಿ ಸರಿದ ಸದ್ದು. ಆಮೇಲೆ ಇವರ ದನಿ, ಇಂಜಿನ್ನಿನಲ್ಲಿ ಸಿಗ್ನಲ್ ಕೂಗುವ ಹಾಗೆ ಸ್ಪಷ್ಟವಾಗಿ: “ಮುಟ್ಟಿತು.”

ಡಾಕ್ಟರು ಇನ್ನೊಮ್ಮೆ ಮಾಡಿಸಿದರು. ಮತ್ತೆ “ಮುಟ್ಟಿತು” ಅಂದರು ಇವರು. “ಇಲ್ಲ, ಮುಟ್ಟಿಲ್ಲ” ಅಂದರು ಡಾಕ್ಟರು, ತೀರ ಸಣ್ಣ ದನಿಯಲ್ಲಿ. “ಇದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ ಕಣ್ರೀ.”

ಆರು ತಿಂಗಳು ಗಾಡಿ ಇಲ್ಲ. ನರದ ಡಾಕ್ಟರ ಬಳಿಗೆ ಕಳಿಸುತ್ತಾರೆ. ಆರು ತಿಂಗಳಾದ ಮೇಲೂ ಗ್ಯಾರಂಟಿ ಇಲ್ಲವಂತೆ. ಅಲ್ಲಿಯವರೆಗೆ ತರಬೇತಿ ಶಾಲೆಯಲ್ಲಿ ಹೊಸ ಡ್ರೈವರುಗಳಿಗೆ ಪಾಠ.

ಇವರು ಪರದೆ ಸರಿಸಿ ಹೊರಗೆ ಬಂದರು. ಮುಖದಲ್ಲಿ ರಕ್ತವಿರಲಿಲ್ಲ, ಆದರೆ ನೆಟ್ಟಗೆ ನಿಂತಿದ್ದರು.

“ಬೇಜಾರಾಯ್ತಾ?” ಅಂತ ನನ್ನನ್ನೇ ಕೇಳಿದರು.

“ಆಯ್ತು. ತುಂಬಾ ಆಯ್ತು. ನಿಮ್ಮಂಥ ಮನುಷ್ಯನ್ನ ನಾನು ನೋಡೇ ಇಲ್ಲ ಕಣ್ರೀ” ಅಂದೆ.

ಆಸ್ಪತ್ರೆಯ ಮೆಟ್ಟಿಲ ಮೇಲೆ, ಅಷ್ಟು ಜನರ ನಡುವೆ, ಇವರ ಕೈ ಹಿಡಿದುಕೊಂಡೆ. ಎಡಗೈಯನ್ನೇ.

“ಬಿಡೇ, ಜನ ನೋಡ್ತಾರೆ.”

“ನೋಡ್ಲಿ” ಅಂದೆ.

ಇವರೂ ಹಿಡಿದುಕೊಂಡರು. ಪೂರ್ತಿ ಹಿಡಿದಿದ್ದೇನೆ ಅಂತಲೇ ಇವರಿಗೆ ಅನ್ನಿಸಿರಬೇಕು. ಉಳಿದಷ್ಟನ್ನು ನಾನು ಹಿಡಿದೆ.